ಹಳೆಯ ಕಾರಿನ ಹೊಗೆಯೂ ಒಡೆಯನ ಹಕ್ಕುಗಳೂ

ಪೆಟ್ರೋಲ್ ಕಾರಿನ ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಹೊರಗಿನಿಂದ ನೋಡಿದರೆ ಉಬ್ಬಿದ ತಗಡಿನ ಡಬ್ಬಿಯಂತೆ ತೋರುವ, ಆದರೆ ಒಳಗೆ ಅಸಂಖ್ಯ ಸೂಕ್ಷ್ಮರಂಧ್ರಗಳ ಅಚ್ಚನ್ನೂ ಅದರ ಮೈಗೆ ಲೇಪಿಸಿದ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳನ್ನೂ ಅಡಗಿಸಿಕೊಂಡಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಉಪಕರಣವಿದೆಯಷ್ಟೆ. ವಿಷಮಯವಾದ ಕಾರ್ಬನ್ ಮಾನಾಕ್ಸೈಡನ್ನೂ ಉರಿಯದೆ ಉಳಿದ ಇಂಧನದ ಅಂಶವನ್ನೂ ನೈಟ್ರೋಜನ್ನಿನ ಆಕ್ಸೈಡುಗಳನ್ನೂ ಅಷ್ಟು ಅಪಾಯಕರವಲ್ಲದ ಅನಿಲಗಳನ್ನಾಗಿ ಪರಿವರ್ತಿಸಿ ಹೊರಬಿಡುವುದೇ ಇದರ ಕಾರ್ಯ. 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಸಾಧನ, ಸೀಸರಹಿತ ಪೆಟ್ರೋಲು 2000ದಲ್ಲಿ ದೇಶದಾದ್ಯಂತ ದೊರೆಯುವಂತಾದ ಮೇಲೆ ಕ್ರಮೇಣ ನಮ್ಮ ವಿಜಯಪುರದಂತಹ ಊರುಗಳ ಕಾರುಗಳಲ್ಲಿಯೂ ಸಾಮಾನ್ಯವಾಯಿತು. ಆಗ ಕೊಂಡ ಗಾಡಿಗಳು ಈಗ ಮುದಿಯಾಗಿವೆ. ಏರಿನಲ್ಲಿ ಎಳೆತ ಕುಂದಿ, ಕೊಳೆತ ಮೊಟ್ಟೆಯ ವಾಸನೆ ಹೊಮ್ಮಿ, ಕೆಳಗೆ ಏನೋ ಒಡೆದು ಗಡಗಡಿಸತೊಡಗಿದಾಗ, ಒಡೆಯನು ಇದನ್ನು ಕೇವಲ ಯಂತ್ರದ ರೋಗವೆಂದು ಬಗೆದು ಗ್ಯಾರೇಜಿಗೆ ಕೀಲಿಕೈ ಒಪ್ಪಿಸಿ ನಿಶ್ಚಿಂತನಾಗುತ್ತಾನೆ. ವಸ್ತುತಃ ಇದು ಕಾನೂನಿನ ವಿಷಯವೂ ಹೌದು. ಕಾನೂನು ಇಲ್ಲಿ ಅವನಿಗೆ ಹೊಣೆಯನ್ನು ಹೊರಿಸಿರುವಂತೆಯೇ ಹಕ್ಕನ್ನೂ ಕೊಟ್ಟಿದೆ, ಮತ್ತು ಆ ಹಕ್ಕು ನಿಲ್ಲುವುದು ಬಾಯಿಮಾತಿನ ಮೇಲಲ್ಲ, ಕಾಗದದ ಮೇಲೆ.

ಮೊದಲು ಹೊಣೆಯ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 115ನೆಯ ನಿಯಮದಂತೆ, ಪ್ರಥಮ ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿಯೊಂದು ವಾಹನವೂ ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು, ಅಂದರೆ ನಾವು ಪಿಯುಸಿ ಎನ್ನುವುದನ್ನು, ಹೊಂದಿರತಕ್ಕದ್ದು. ಹೊಗೆಯ ಮಾನದಂಡದಲ್ಲಿ ಭಾರತ್ ಸ್ಟೇಜ್ 4 ಮತ್ತು ಅನಂತರದ ದರ್ಜೆಯ ಗಾಡಿಗಳಿಗೆ ಇದರ ಅವಧಿ ಒಂದು ವರ್ಷ, ಅದಕ್ಕೂ ಹಿಂದಿನವುಗಳಿಗೆ ಆರು ತಿಂಗಳು. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅಳೆಯುವ ಕಾರ್ಬನ್ ಮಾನಾಕ್ಸೈಡು, ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರಿನಲ್ಲಿ ಶೇಕಡ 0.5ನ್ನೂ ಸ್ಟೇಜ್ 4ರ ಕಾರಿನಲ್ಲಿ ಶೇಕಡ 0.3ನ್ನೂ ಮೀರಕೂಡದು; ಹೈಡ್ರೋಕಾರ್ಬನ್ನಿನ ಮಿತಿ ಕ್ರಮವಾಗಿ ದಶಲಕ್ಷಕ್ಕೆ 750 ಮತ್ತು 200 ಭಾಗ. ನಮ್ಮ ಸೀಮೆಯವರು ಇಲ್ಲಿ ವಿಶೇಷವಾಗಿ ಲಕ್ಷ್ಯವಿಡಬೇಕಾದ ಸಂಗತಿಯೊಂದಿದೆ: ಸ್ಟೇಜ್ 4ರ ಮಾನದಂಡ ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲಿನಲ್ಲಾದರೂ, ನಮ್ಮ ನೆರೆಯ ಸೊಲ್ಲಾಪುರವು 2010ರಲ್ಲಿಯೇ ಅದನ್ನು ಜಾರಿಗೆ ತಂದ ಹದಿಮೂರು ನಗರಗಳ ಪಟ್ಟಿಯಲ್ಲಿತ್ತು. ಆದುದರಿಂದ ನಮ್ಮ ಊರಿನ ಕೆಎ-28ರ ಕಾರನ್ನೂ, ಅದೇ ವರ್ಷ ತಯಾರಾಗಿ ಸೊಲ್ಲಾಪುರದಿಂದ ಬಂದ ಎಂಎಚ್-13ರ ಕಾರನ್ನೂ ಬೇರೆಬೇರೆ ಮಿತಿಗಳಿಂದ ಅಳೆಯಬೇಕಾಗಿ ಬರಬಹುದು. ಹಳೆಯ ಗಾಡಿಯನ್ನು ಆ ಕಡೆಯಿಂದ ಕೊಳ್ಳುವವನು ಬೆಲೆ ಮಾತಾಡುವ ಮುನ್ನ ದರ್ಜೆಯನ್ನೂ ಚಾಲ್ತಿಯ ಪಿಯುಸಿಯನ್ನೂ ನೋಡಿಕೊಳ್ಳುವುದು ಕ್ಷೇಮ.

ತಪಾಸಣೆಯಲ್ಲಿ ಗಾಡಿ ಸೋತರೆ ಏನು ಮಾಡಬೇಕು? 2021ರ ಜೂನಿನ ತಿದ್ದುಪಡಿಯು ಇಲ್ಲಿ ನಾಗರಿಕನಿಗೆ ಮಹದುಪಕಾರ ಮಾಡಿದೆ. ಮಿತಿ ಮೀರಿದ ವಾಹನಕ್ಕೆ ಅಳತೆಯ ಅಂಕಿಗಳನ್ನೊಳಗೊಂಡ ನಿರಾಕರಣೆಯ ಚೀಟಿಯನ್ನು ಕೊಡುವ ಪದ್ಧತಿ ಅಂದಿನಿಂದ ಬಂದಿತು. ‘ಫೇಲ್ ಆಗೇತ್ರೀ, ರಿಪೇರಿ ಮಾಡಿಸ್ಕೊಂಡು ಬರ್ರಿ’ ಎಂದಷ್ಟೇ ಹೇಳಿ ಕೇಂದ್ರದವರು ಕಳುಹಿಸಿದರೆ ಹಿಂದಿರುಗಬಾರದು, ಚೀಟಿಯನ್ನು ಕೇಳಿ ಪಡೆಯಬೇಕು. ಅದನ್ನು ಗ್ಯಾರೇಜಿಗೆ ತೋರಿಸಬಹುದು. ಅಳತೆಯ ಯಂತ್ರದ ಮೇಲೆಯೇ ಸಂಶಯವಿದ್ದರೆ ಬೇರೊಂದು ಅಧಿಕೃತ ಕೇಂದ್ರದಲ್ಲಿ ಮರುತಪಾಸಣೆಯನ್ನೂ ಮಾಡಿಸಬಹುದು. ಚಾಲ್ತಿಯ ಪ್ರಮಾಣಪತ್ರ ಮುಗಿಯುವುದಕ್ಕೆ ಕೆಲವು ವಾರ ಮೊದಲೇ ತಪಾಸಣೆಗೆ ಹೋಗುವವನಿಗೆ ದುರಸ್ತಿಗೆ ಕಾಲಾವಕಾಶ ದೊರೆಯುತ್ತದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ದಾರಿಯಲ್ಲಿ ತಡೆಯುವ ಅಧಿಕಾರಿಯ ವಿಚಾರದಲ್ಲಿ ಭಯವೂ ಬೇಡ, ಉದ್ಧಟತನವೂ ಬೇಡ. ಹೊಗೆಯ ಬಗ್ಗೆ ಸಕಾರಣ ಸಂಶಯ ಬಂದರೆ, ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಮೆಯಲ್ಲದ ಪೊಲೀಸ್ ಅಧಿಕಾರಿಯಾಗಲಿ ಮೋಟಾರು ವಾಹನ ನಿರೀಕ್ಷಕರಾಗಲಿ ಗಾಡಿಯನ್ನು ತಪಾಸಣೆಗೆ ಒಡ್ಡುವಂತೆ ಲಿಖಿತವಾಗಿ ಅಥವಾ ವಿದ್ಯುನ್ಮಾನದ ಮೂಲಕ ನಿರ್ದೇಶಿಸಬಲ್ಲರು. ಪಾಲಿಸದಿದ್ದರೆ ದಂಡವೂ, ಅದಕ್ಕೂ ಮಣಿಯದಿದ್ದರೆ ಕಾರಣಗಳನ್ನು ಬರೆದಿಟ್ಟು ನೋಂದಣಿಯ ಅಮಾನತೂ ಆಗುತ್ತದೆ. 1988ರ ಮೋಟಾರು ವಾಹನ ಅಧಿನಿಯಮದ 190ನೆಯ ಪ್ರಕರಣದ ಎರಡನೆಯ ಉಪಪ್ರಕರಣವು, 2019ರ ತಿದ್ದುಪಡಿಯ ತರುವಾಯ, ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಕಾರಾವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಇವೆರಡನ್ನೂ, ಜೊತೆಗೆ ಚಾಲನಾ ಪರವಾನಗಿಗೆ ಮೂರು ತಿಂಗಳ ಅನರ್ಹತೆಯನ್ನೂ ವಿಧಿಸುತ್ತದೆ. ದಂಡ ತೆತ್ತವನು ರಸೀದಿಯಿಲ್ಲದೆ ಕದಲಬಾರದು. ಡಿಜಿಲಾಕರ್ ಅಥವಾ ಎಂಪರಿವಾಹನದಲ್ಲಿರುವ ದಾಖಲೆಗೆ ಕಾಗದದ ದಾಖಲೆಯಷ್ಟೇ ಬೆಲೆಯಿದೆ.

ಇನ್ನು ಗ್ಯಾರೇಜಿನ ಮಾತು; ಜನರು ಹೆಚ್ಚು ನಷ್ಟಪಡುವುದು ಇಲ್ಲಿ. ‘ಕ್ಯಾಟ್ ತಗದ ಒಗದ ಬಿಡೂಣ್ರಿ, ಖಾಲಿ ಪೈಪ್ ಹಾಕಿದ್ರ ಗಾಡಿ ಹಗೂರ ಓಡತೈತಿ’ ಎಂಬ ಸಲಹೆ ಅಗ್ಗವಾಗಿ ತೋರಿದರೂ ಸ್ವೀಕಾರಯೋಗ್ಯವಲ್ಲ. ಅನುಮತಿಯಿಲ್ಲದ ಮಾರ್ಪಾಟು ಮಾಡಿಸಿದ ಮಾಲೀಕನಿಗೆ ಮೋಟಾರು ವಾಹನ ಅಧಿನಿಯಮದ 182ಎ ಪ್ರಕರಣದಂತೆ ಆರು ತಿಂಗಳವರೆಗಿನ ಕಾರಾವಾಸ, ಇಲ್ಲವೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಇವೆರಡೂ ಉಂಟು. ಶಿಕ್ಷೆಯ ಮಾತನ್ನು ಬದಿಗಿಟ್ಟರೂ, ಶಾಲೆ ಬಿಡುವ ಹೊತ್ತಿಗೆ ಗಾಂಧಿ ಚೌಕದಲ್ಲಿ ನಿಂತ ಮಕ್ಕಳ ಉಸಿರಿಗೆ ಆ ಖಾಲಿ ಪೈಪಿನ ವಿಷ ನೇರವಾಗಿ ಸೇರುತ್ತದೆಂಬುದನ್ನು ನೆನೆದರೆ ಯಾವ ಗೃಹಸ್ಥನ ಮನಸ್ಸೂ ಇದಕ್ಕೆ ಒಡಂಬಡಲಾರದು.

ಕನ್ವರ್ಟರು ತಾನಾಗಿ ಸಾಯುವುದು ಅಪರೂಪ. ಪ್ಲಗ್ಗು ಸರಿಯಾಗಿ ಕಿಡಿ ಕೊಡದಿರುವುದು, ಎಂಜಿನ್ ಆಯಿಲು ಉರಿಯುವುದು, ಆಕ್ಸಿಜನ್ ಸೆನ್ಸರು ಕೆಟ್ಟಿರುವುದು, ಇಂತಹ ಮೂಲದೋಷಗಳೇ ಪ್ರಾಯಶಃ ಅದನ್ನು ಕೊಲ್ಲುತ್ತವೆ. ಮೂಲವನ್ನು ಬಿಟ್ಟು ಕನ್ವರ್ಟರನ್ನು ಮಾತ್ರ ಬದಲಿಸಿದರೆ ಹೊಸದೂ ಅದೇ ಗತಿಯನ್ನು ಕಾಣುತ್ತದೆ. ಆದ್ದರಿಂದ ಕೆಲಸಕ್ಕೆ ಮುಂಚೆ, ತಪಾಸಣೆಯಲ್ಲಿ ಕಂಡ ದೋಷವನ್ನೂ ಖರ್ಚಿನ ಅಂದಾಜನ್ನೂ ಬರೆಸಿಕೊಂಡು, ಜಾಬ್ ಕಾರ್ಡಿನಲ್ಲಿ ‘ತೆಗೆದ ಹಳೆಯ ಭಾಗವನ್ನು ಮಾಲೀಕರಿಗೆ ಹಿಂದಿರುಗಿಸತಕ್ಕದ್ದು’ ಎಂಬ ಒಂದು ಸಾಲನ್ನು ಸೇರಿಸಬೇಕು. ಒಳಗಿನ ಲೋಹಗಳ ಕಾರಣದಿಂದ ಸತ್ತ ಕನ್ವರ್ಟರಿಗೂ ಗುಜರಿಯಲ್ಲಿ ಬೆಲೆಯಿದೆ. ಅದು ಒಡೆಯನ ಸ್ವತ್ತು. ದುರಸ್ತಿಗೆಂದು ಒಪ್ಪಿಸಿದ ಗಾಡಿಯಿಂದ ಚೆನ್ನಾಗಿದ್ದುದನ್ನೇ ಅಪ್ರಾಮಾಣಿಕತೆಯಿಂದ ಬದಲಾಯಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಪ್ರಕರಣದ ನಂಬಿಕೆದ್ರೋಹವಾಗಬಹುದು. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಅದರ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಕಳುಹಿಸಲು ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು ಅವಕಾಶ ಕೊಟ್ಟಿದೆ.

ದುಡ್ಡು ಪಡೆದೂ ಕೆಲಸವನ್ನು ಕೆಡಿಸಿದವರ, ಅಥವಾ ನಕಲಿ ಭಾಗ ಹಾಕಿದವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಿದೆ. ಬಿಲ್ಲು ಕೊಡದಿರುವುದೇ ಈ ಅಧಿನಿಯಮದಂತೆ ಒಂದು ಅನುಚಿತ ವ್ಯಾಪಾರ ಪದ್ಧತಿ. ಮೊದಲು ವಿಷಯವನ್ನು ಬರೆದು ರಿಜಿಸ್ಟರ್ ಅಂಚೆಯಲ್ಲಿ ಒಂದು ನೋಟೀಸು. ಬೇಕಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ. ಅದಕ್ಕೂ ಉತ್ತರ ಬಾರದಿದ್ದರೆ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಫಿರ್ಯಾದು. ತಿಕೋಟಾದ ಬೆಳೆಗಾರನೊಬ್ಬನು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ರಿಪೇರಿ ಮಾಡಿಸಿ ಮೋಸಹೋದನೆನ್ನೋಣ. ಅವನು ಆ ಊರಿಗೆ ಅಲೆಯಬೇಕಾಗಿಲ್ಲ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ಫಿರ್ಯಾದು ಹೂಡಬಹುದೆಂದು 34ನೆಯ ಪ್ರಕರಣ ಹೇಳುತ್ತದೆ. ತೆತ್ತ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಭಾಗದ ದೋಷವು ಪ್ರಯೋಗಾಲಯದ ಪರೀಕ್ಷೆಯಿಂದಲೇ ತಿಳಿಯಬೇಕಾದರೆ ಆಯೋಗವು ಅದನ್ನು ಪರೀಕ್ಷೆಗೆ ಕಳುಹಿಸಬಲ್ಲುದು. ಹಳೆಯ ಭಾಗವನ್ನು ಕೈಬಿಡಬಾರದೆಂದು ಮೇಲೆ ಒತ್ತಿ ಹೇಳಿದುದಕ್ಕೆ ಇದೂ ಒಂದು ಕಾರಣ. ಬಬಲೇಶ್ವರದಿಂದ ನಗರಕ್ಕೆ ಬಾಡಿಗೆಯ ಕಾರು ಓಡಿಸಿ ಸ್ವಯಂ ಉದ್ಯೋಗದಿಂದಲೇ ಜೀವಿಸುವವನೂ ಕಾನೂನಿನ ದೃಷ್ಟಿಯಲ್ಲಿ ಗ್ರಾಹಕನೇ. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಹಳೆಯ ಕಾರು ಕೊಂಡವನಿಗೆ ಮಾತ್ರ ಈ ದಾರಿ ಸಾಮಾನ್ಯವಾಗಿ ತೆರೆಯದು.

ಹದಿನೈದು ವರ್ಷ ತುಂಬಿದ ಖಾಸಗಿ ಕಾರು ನಮ್ಮ ಜಿಲ್ಲೆಯಲ್ಲಿ ತಾನಾಗಿ ನಿಷಿದ್ಧವಾಗುವುದಿಲ್ಲ. ಅವಧಿ ಮುಗಿಯುವ ಮೊದಲಿನ ಅರವತ್ತು ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿಯಿಟ್ಟು, ಪ್ರಾದೇಶಿಕ ಸಾರಿಗೆ ಕಚೇರಿಯ ಪರೀಕ್ಷೆಯಲ್ಲಿ ಗಾಡಿ ತೇರ್ಗಡೆಯಾದರೆ ನೋಂದಣಿಯು ಐದು ವರ್ಷಗಳಿಗೆ ನವೀಕೃತವಾಗುತ್ತದೆ. ಕೆಟ್ಟ ಕನ್ವರ್ಟರಿನ ದುರಸ್ತಿಯನ್ನು ಇದಕ್ಕೆ ಮುಂಚಿತವಾಗಿಯೇ ಮುಗಿಸಿಕೊಳ್ಳತಕ್ಕದ್ದು.

ಇಷ್ಟನ್ನೆಲ್ಲ ಒಬ್ಬಂಟಿಯಾಗಿ ನಿರ್ವಹಿಸಲಾರದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರೆಲ್ಲರೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಇತರರಿಗೆ ಸರ್ಕಾರ ಗೊತ್ತುಪಡಿಸಿದ ಆದಾಯಮಿತಿ ಅನ್ವಯಿಸುತ್ತದೆ. ವಿಜಯಪುರದ ನ್ಯಾಯಾಲಯಕ್ಕೆ ಹೋಗಿ ಅರ್ಜಿ ಕೊಡಬಹುದು, ಇಲ್ಲವೆ 15100ಕ್ಕೆ ದೂರವಾಣಿ ಮಾಡಬಹುದು. ಹೋಗುವಾಗ ನಿರಾಕರಣೆಯ ಚೀಟಿ, ಜಾಬ್ ಕಾರ್ಡು, ಬಿಲ್ಲು ಮತ್ತು ಆರ್‌ಸಿಯ ಪ್ರತಿ ಜೊತೆಗಿರಲಿ.