ಸುಂಟರಗಾಳಿ ಹುಟ್ಟುವುದು ಎಲ್ಲಿ?

ಹೋದ ಬೇಸಿಗೆಯ ಒಂದು ಸಂಜೆ ಆಲಿಕಲ್ಲು ಮಳೆಯೊಂದಿಗೆ ಬೀಸಿದ ಗಾಳಿಗೆ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಅರವತ್ತಕ್ಕೂ ಹೆಚ್ಚು ಅಡಿಕೆ ಮರಗಳು ಉರುಳಿದವು. ಮಾರನೆಯ ದಿನ ಸಂಘದ ಕಛೇರಿಗೆ ಬಂದ ಅವರು "ಸುಂಟರಗಾಳಿಯೇ ಬಂದು ಹೋಯಿತು ಮಾರಾಯ್ರೆ" ಎಂದರು. ನಾವು ಹೋಗಿ ನೋಡಿದೆವು. ಮರಗಳೆಲ್ಲ ಒಂದು ಜಾಗದಿಂದ ಹೊರಕ್ಕೆ, ಬೀಸಣಿಗೆ ಬಿಚ್ಚಿಟ್ಟಂತೆ ಮಲಗಿದ್ದವು. ಹೀಗೆ ಮಲಗಿದ್ದರೆ ಅದು ಸುಂಟರಗಾಳಿಯ ಕೆಲಸವಲ್ಲ. ಗುಡುಗಿನ ಮೋಡದಿಂದ ಧುಮ್ಮಿಕ್ಕಿ, ನೆಲಕ್ಕೆ ಬಡಿದು ಸುತ್ತಲೂ ಹರಡಿದ ಗಾಳಿ ಅದು. ನಷ್ಟವೇನೋ ಎರಡರಲ್ಲೂ ನಷ್ಟವೇ ಎನ್ನಿ.

ಈ ವ್ಯತ್ಯಾಸವನ್ನು ತೋರಿಸಿಕೊಟ್ಟವರು ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿದ್ದ ಜಪಾನಿನ ವಿಜ್ಞಾನಿ ಟೆಡ್ ಫುಜಿಟಾ. 1945ರಲ್ಲಿ ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದ ಕೆಲವು ವಾರಗಳ ಮೇಲೆ ಅವರು ಅಲ್ಲಿಗೆ ಹೋಗಿ, ಮರಗಳು ಹೊರಮುಖವಾಗಿ ಬಿದ್ದ ರೀತಿಯನ್ನು ಕಂಡಿದ್ದರು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ 148 ಸುಂಟರಗಾಳಿಗಳು ಎದ್ದು 300ಕ್ಕೂ ಹೆಚ್ಚು ಜನ ಸತ್ತರು. ಆ ಹಾನಿಯನ್ನು ವಿಮಾನದಿಂದ ನೋಡುವಾಗ ಕೆಲವು ಕಾಡುಗಳಲ್ಲಿ ಅದೇ ನಕ್ಷತ್ರದಾಕಾರ ಅವರ ಕಣ್ಣಿಗೆ ಬಿತ್ತು. ನಿಜವಾದ ಸುಂಟರಗಾಳಿ ಹೋದ ದಾರಿಯಲ್ಲಿ ಮರಗಳು ಒಳಮುಖವಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ.

ಅಂತಹ ಸುಂಟರಗಾಳಿ ನಮ್ಮ ಘಟ್ಟದ ಸೀಮೆಯಲ್ಲಿ ಬಲು ಅಪರೂಪ. ನಮ್ಮ ಉಪಖಂಡದಲ್ಲಿ ಅದರ ಕಾಟವಿರುವುದು ಬಂಗಾಳದ ಬಯಲಿಗೆ. ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಕಡೆ 1989ರ ಏಪ್ರಿಲ್ 26ರಂದು ಸುಮಾರು 1,300 ಜನ ಒಂದೇ ಸುಂಟರಗಾಳಿಗೆ ಬಲಿಯಾದರು. ಆದರೆ ಅತಿ ಹೆಚ್ಚು ಸುಂಟರಗಾಳಿಗಳು ಏಳುವ ದೇಶ ಅಮೆರಿಕ. ಅದರ ಹುಟ್ಟನ್ನು ಹುಡುಕಿ ವಿಜ್ಞಾನಿಗಳು ಬಯಲಿಗಿಳಿದದ್ದೂ ಅಲ್ಲಿಯೇ.

ಮೋಡದೊಳಗಿನ ಕಥೆ ಬಹುಮಟ್ಟಿಗೆ ತಿಳಿದಿದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ ನಿಧಾನವಾಗಿ, ಮೇಲೆ ಮತ್ತೊಂದು ದಿಕ್ಕಿಗೆ ಜೋರಾಗಿ ಬೀಸುತ್ತಿದ್ದರೆ, ನಡುವಿನ ಗಾಳಿ ಮರದ ದಿಮ್ಮಿಯಂತೆ ಅಡ್ಡಡ್ಡವಾಗಿ ಉರುಳತೊಡಗುತ್ತದೆ. ಬಿಸಿಗಾಳಿ ರಭಸದಿಂದ ಮೇಲೇರುವಾಗ ಆ ಉರುಳನ್ನು ಎತ್ತಿ ನಿಲ್ಲಿಸುತ್ತದೆ. ಆಗ ಇಡೀ ಮೋಡವೇ ಮೆಲ್ಲಗೆ ಸುತ್ತತೊಡಗುತ್ತದೆ. 1973ರ ಮೇ 24ರಂದು ಒಕ್ಲಹಾಮದ ಯೂನಿಯನ್ ಸಿಟಿ ಎಂಬ ಊರಿಗೆ ಬಂದ ಸುಂಟರಗಾಳಿಯನ್ನು ಡಾಪ್ಲರ್ ರಾಡಾರ್ ಮೊದಲಿನಿಂದ ಕೊನೆಯ ತನಕ ದಾಖಲಿಸಿತು. ಅದು ನೆಲ ಮುಟ್ಟುವ ಮೊದಲೇ ಮೋಡದಲ್ಲಿ ಬಿಗಿಯಾದ ಸುಳಿ ಕಾಣಿಸಿತ್ತು. ಸುಂಟರಗಾಳಿ ಮೇಲೆ ಹುಟ್ಟಿ ಕೆಳಗಿಳಿಯುತ್ತದೆ ಎಂಬ ನಂಬಿಕೆಗೆ ಇದರಿಂದ ಬಲ ಬಂತು.

ತೊಡಕು ಎದುರಾದದ್ದು ಆಮೇಲೆ. ಸುತ್ತುವ ಮೋಡಗಳಲ್ಲಿ ಬಹುಪಾಲು ಸುಂಟರಗಾಳಿಯನ್ನು ಹೆರುವುದೇ ಇಲ್ಲ. ರಾಡಾರಿಗೆ ಎರಡು ಮೋಡ ಒಂದೇ ತೆರನಾಗಿ ಕಂಡರೂ ಒಂದು ಊರನ್ನು ಅಳಿಸುತ್ತದೆ, ಇನ್ನೊಂದು ಮಳೆ ಸುರಿಸಿ ಹೋಗುತ್ತದೆ. ವ್ಯತ್ಯಾಸವಿರುವುದು ನೆಲದ ಹತ್ತಿರ ಎಂದಾದರೆ ಅಲ್ಲಿಯೇ ಹೋಗಿ ಅಳೆಯಬೇಕು.

ಮೊದಲ ಪ್ರಯತ್ನಗಳು ನಗೆ ತರಿಸುವಂತಿದ್ದವು. 1980ರ ದಶಕದ ಆರಂಭದಲ್ಲಿ ಉಪಕರಣ ತುಂಬಿದ ಒಂದು ಪೀಪಾಯಿಯನ್ನು ಲಾರಿಯಲ್ಲಿ ಹೇರಿಕೊಂಡು ಸುಂಟರಗಾಳಿಯ ದಾರಿಗೆ ಇಡಲು ಓಡಾಡಿದರು. ಅದು ಸರಿಯಾಗಿ ಒಮ್ಮೆಯೂ ಸಿಕ್ಕಲಿಲ್ಲ. ಒಂದು ಸಲ ಅಂಚು ತಗುಲಿದ್ದಕ್ಕೇ ಪೀಪಾಯಿ ಮಗುಚಿಕೊಂಡಿತು! ಮಳೆಮಾಪಕದ ಇಂಚು, ಸೆಂಟುಗಳನ್ನು ತಂದೆಯ ಕಾಲದಿಂದ ಬರೆದಿಡುತ್ತ ಬಂದ ನಮ್ಮವರಿಗೆ ಈ ಹಠ ಅರ್ಥವಾದೀತು.

1994 ಮತ್ತು 1995ರಲ್ಲಿ 'ವಾರ್ಟೆಕ್ಸ್' ಎಂಬ ದೊಡ್ಡ ಕಾರ್ಯಕ್ರಮ ನಡೆಯಿತು. ಕಾರುಗಳ ನೆತ್ತಿಯ ಮೇಲೆ ಉಷ್ಣಾಂಶ, ತೇವಾಂಶ, ಒತ್ತಡ, ಗಾಳಿಗಳನ್ನು ಅಳೆಯುವ ಉಪಕರಣ ಕಟ್ಟಿ ಮೋಡದ ಕೆಳಗೇ ಓಡಿಸಿದರು. ಪಾಲ್ ಮಾರ್ಕೋವ್‌ಸ್ಕಿ ಮತ್ತು ಸಂಗಡಿಗರು ಆ ಲೆಕ್ಕಗಳನ್ನು ಹೋಲಿಸಿ ನೋಡಿದಾಗ ಸಿಕ್ಕಿದ ಸಂಗತಿ ಬೆಲೆಯುಳ್ಳದ್ದು. ಸುತ್ತುವ ಮೋಡದ ಹಿಂಬದಿಯಿಂದ ಗಾಳಿ ನೆಲಕ್ಕಿಳಿಯುತ್ತದೆ. ಮಳೆಹನಿ ಆರುವುದರಿಂದ ಅದು ತಣ್ಣಗಾಗುತ್ತದೆ. ತೀರ ತಣ್ಣಗಾದರೆ, ಮಾಗಿಯ ಬೆಳಗಿನಲ್ಲಿ ತೋಟದ ತಗ್ಗಿನಲ್ಲಿ ನಿಲ್ಲುವ ಥಂಡಿಯಂತೆ, ಭಾರವಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಅಷ್ಟಾಗಿ ತಣ್ಣಗಾಗದಿದ್ದರೆ ಮೋಡ ಅದನ್ನು ಮತ್ತೆ ಮೇಲಕ್ಕೆ ಹೀರಬಲ್ಲದು. ಕಾಫಿ ಹಣ್ಣು ತೊಳೆಯುವ ತೊಟ್ಟಿಯ ತೂಬು ತೆಗೆದಾಗ ನೀರು ತೂಬಿನ ಹತ್ತಿರ ಬಂದಷ್ಟೂ ವೇಗವಾಗಿ ಸುತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ಹೀರಿ, ಎಳೆದು, ಸಣ್ಣದಾಗಿಸಿದ ಸುಳಿಯೇ ಸುಂಟರಗಾಳಿ. ಸುಂಟರಗಾಳಿ ಕೊಟ್ಟ ಮೋಡಗಳಲ್ಲಿ ಹಿಂಬದಿಯ ಗಾಳಿ ಹೆಚ್ಚಾಗಿ ಬೆಚ್ಚಗಿತ್ತು.

2009 ಮತ್ತು 2010ರಲ್ಲಿ ಎರಡನೆಯ ವಾರ್ಟೆಕ್ಸ್ ನಡೆಯಿತು. ನೂರಕ್ಕೂ ಹೆಚ್ಚು ಜನ, ಲಾರಿಗಳ ಮೇಲೆ ರಾಡಾರುಗಳು. 2009ರ ಜೂನ್ 5ರಂದು ವಯೋಮಿಂಗ್ ರಾಜ್ಯದಲ್ಲಿ ಒಂದು ಸುಂಟರಗಾಳಿಯನ್ನು ಹುಟ್ಟುವ ಮೊದಲಿನಿಂದ ಅಡಗುವ ತನಕ ಅಳೆದರು.

ಈ ಕೆಲಸ ಪ್ರಾಣವನ್ನೂ ತೆಗೆದುಕೊಂಡಿದೆ. ಟಿಮ್ ಸಮಾರಸ್ ಎಂಬವರು 2003ರ ಜೂನ್ 24ರಂದು ದಕ್ಷಿಣ ಡಕೋಟದಲ್ಲಿ ಆಮೆಯ ಬೆನ್ನಿನಂತಹ ತಗ್ಗು ಉಪಕರಣವನ್ನು ಸುಂಟರಗಾಳಿಯ ದಾರಿಯಲ್ಲಿ ಇಟ್ಟು, ಒತ್ತಡ 100 ಮಿಲಿಬಾರ್, ಅಂದರೆ ಸುಮಾರು ಹತ್ತನೆಯ ಒಂದು ಪಾಲು, ಕುಸಿದದ್ದನ್ನು ಅಳೆದಿದ್ದರು. ಬಹಳ ಎಚ್ಚರದ ಮನುಷ್ಯರೆಂದು ಹೆಸರಾಗಿದ್ದವರು. 2013ರ ಮೇ 31ರಂದು ಒಕ್ಲಹಾಮದ ಎಲ್ ರೀನೋ ಬಳಿ ಅವರೂ, ಮಗ ಪಾಲ್ ಮತ್ತು ಸಂಗಡಿಗ ಕಾರ್ಲ್ ಯಂಗ್ ಅವರೂ ಸುಂಟರಗಾಳಿಗೆ ಸಿಕ್ಕಿ ತೀರಿಕೊಂಡರು. ಅದು ನೋಡುನೋಡುತ್ತಲೇ 4 ಕಿಲೋಮೀಟರಿಗೂ ಅಗಲವಾಗಿತ್ತು.

ಅದೇ ಸುಂಟರಗಾಳಿಯನ್ನು ಲಾರಿಯ ಮೇಲಿನ ಒಂದು ರಾಡಾರು ಸ್ವಲ್ಪ ಎತ್ತರದ ಜಾಗದಿಂದ ನೆಲಮಟ್ಟಕ್ಕೇ ನೋಡುತ್ತಿತ್ತು. ಆ ದಾಖಲೆಯನ್ನು ಜನರು ತೆಗೆದ ಚಿತ್ರಗಳ ಜೊತೆಗಿಟ್ಟು ಅಭ್ಯಾಸ ಮಾಡಿದ ಜೇನಾ ಹೌಸರ್ ಅವರು 2018ರಲ್ಲಿ ಹೇಳಿದ್ದೇನೆಂದರೆ, ಸುಳಿ ಮೊದಲು ಬಿಗಿಯಾದದ್ದು ನೆಲದ ಹತ್ತಿರ, ಮೋಡದಲ್ಲಿ ಆಮೇಲೆ. ಅವರು ಪರೀಕ್ಷಿಸಿದ ನಾಲ್ಕು ಸುಂಟರಗಾಳಿಗಳಲ್ಲಿ ಒಂದೂ ಮೇಲಿನಿಂದ ಇಳಿದದ್ದಲ್ಲ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಅಮೆರಿಕದಲ್ಲಿ ಎಚ್ಚರಿಕೆ ಕೊಡುವುದು ಮುಖ್ಯವಾಗಿ ಮೋಡದ ಸುಳಿಯನ್ನು ನೋಡಿ. ಹತ್ತು ಎಚ್ಚರಿಕೆಗಳಲ್ಲಿ ಸುಮಾರು ಏಳು ಹುಸಿಯಾಗುತ್ತವೆ. 2011ರ ಮೇ 22ರಂದು ಮಿಸ್ಸೂರಿಯ ಜಾಪ್ಲಿನ್ ನಗರದಲ್ಲಿ 150ಕ್ಕೂ ಹೆಚ್ಚು ಜನ ಸತ್ತಾಗ ನಡೆದ ವಿಚಾರಣೆಯಲ್ಲಿ, ಸೈರನ್ ಕೇಳಿಯೂ ಅನೇಕರು ಕೂಡಲೇ ಆಸರೆಗೆ ಓಡಲಿಲ್ಲವೆಂದು ತಿಳಿದುಬಂತು. ಹುಸಿ ಸೈರನ್ನು ಕೇಳಿ ಕೇಳಿ ಅಭ್ಯಾಸವಾಗಿತ್ತು. ಭೂಮಿ ಗುಂಡಗಿರುವುದರಿಂದ 100 ಕಿಲೋಮೀಟರ್ ದೂರದ ರಾಡಾರಿನ ಕಿರಣ ನೆಲದಿಂದ ಒಂದು ಕಿಲೋಮೀಟರಿಗಿಂತ ಮೇಲೆ ಹಾದುಹೋಗುತ್ತದೆ. ಅದರ ಕೆಳಗಿನದು ಅದಕ್ಕೆ ಕಾಣದು. ಆದ್ದರಿಂದಲೇ ಆ ಕಾರುಗಳು, ಲಾರಿಗಳು ಮತ್ತೆ ಮತ್ತೆ ಬಯಲಿಗೆ ಹೋಗುತ್ತಿವೆ.