ಮೊಳಕೆಯನ್ನು ಕಿತ್ತು ಬೇರು ನೋಡದಿರೋಣ



ಕಳೆದ ದಸರಾ ರಜೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ವಾರದ ಪಾಠವನ್ನು ಆರಂಭಿಸುತ್ತೇನೆ. ನನ್ನ ಅಕ್ಕನ ಮಗ ಹದಿನಾಲ್ಕು ವರ್ಷದವನು. ದೂರದ ಊರಿನ ಒಂದು ಫುಟ್‌ಬಾಲ್ ಅಕಾಡೆಮಿಯಲ್ಲಿದ್ದುಕೊಂಡು ಓದುತ್ತಿದ್ದಾನೆ. ರಜೆಗೆಂದು ರಾಣೆಬೆನ್ನೂರಿಗೆ ಬಂದಿದ್ದ. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಕಾಲಿಟ್ಟದ್ದೇ ತಡ, ನಾಲ್ಕೈದು ಮಂದಿ ಹಿರಿಯರು ಅವನನ್ನು ಸುತ್ತುವರಿದರು.

"ಏನಪಾ, ಈ ಸಲಾ ಎಷ್ಟ್ ಗೋಲ್ ಹೊಡದಿ?"

"ಒಂದೂ ಇಲ್ರೀ."

"ಹೋದ ವರ್ಷ ಅಷ್ಟ್ ಹೊಡದಿದ್ದಿ! ಆಟ ಇಳೀತೇನು?"

ಹುಡುಗ ತಲೆ ತಗ್ಗಿಸಿದ. ಅವನ ಬೆನ್ನು ತಟ್ಟಬೇಕಾಗಿದ್ದ ನಾನೇ, "ಟಿವಿ, ಮೊಬೈಲ್ ಕಡಿಮಿ ಮಾಡು" ಎಂದು ಎಲ್ಲರೆದುರಿಗೆ ಉಪದೇಶ ಮಾಡಿದೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅವನು ಮೆಲ್ಲಗೆ ಹೇಳಿದ: "ಮಾಮಾ, ಈ ವರ್ಷ ನನ್ನ ಹಿಂದ ಆಡಸಾಕತ್ತಾರ. ಗೋಲ್ ಹೊಡಿಯೂದು ನನ್ನ ಕೆಲಸ ಅಲ್ಲ, ತಡಿಯೂದು. ಎಷ್ಟ್ ತಡದಿ ಅಂತ ಒಬ್ಬರೂ ಕೇಳಲಿಲ್ಲ."

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಒಂದು ಮಗುವಿನ ವರ್ಷವಿಡೀ ದುಡಿಮೆಯನ್ನು ನಾವು ಒಂದೇ ಅಂಕಿಯಿಂದ ಅಳೆದಿದ್ದೆವು. ಆ ಅಳತೆಗೋಲೇ ತಪ್ಪಾಗಿತ್ತು.

ಹೊಗಳುವುದೂ ಬೇಗ, ತೆಗಳುವುದೂ ಬೇಗ

ಇಂದು ನಮ್ಮ ಮನೆಗಳಲ್ಲಿ ಕ್ರಿಕೆಟ್ಟಿನಂತೆಯೇ ಫುಟ್‌ಬಾಲನ್ನೂ ನೋಡುವವರಿದ್ದಾರೆ. 2013ರಲ್ಲಿ ಬೆಂಗಳೂರು ಎಫ್‌ಸಿ ತಂಡ ಹುಟ್ಟಿದ ಮೇಲೆ ನಮ್ಮ ನಾಡಿನ ಯುವಕರಿಗೆ ತಮ್ಮದೆನ್ನುವ ಒಂದು ತಂಡ ಸಿಕ್ಕಿತು. 2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಈ ತಂಡ ಈಸ್ಟ್ ಬೆಂಗಾಲನ್ನು 1-0ರಿಂದ ಸೋಲಿಸಿತು. ಆ ಒಂದು ಗೋಲನ್ನು ಹೊಡೆದವನು ತಂಡದ ಅಕಾಡೆಮಿಯಲ್ಲೇ ಬೆಳೆದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್. ಆಗ ಅವನಿಗೆ ಹತ್ತೊಂಬತ್ತು ವರ್ಷ. ಮರುದಿನ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು: ಮುಂದಿನ ಸುನಿಲ್ ಛೆಟ್ರಿ ಇವನೇ!

ಸಂತೋಷ ಸಹಜವೇ. ಆದರೆ ಅದಕ್ಕೂ ಮುಂಚಿನ ಒಂದು ಉದಾಹರಣೆಯನ್ನು ನೆನೆಯೋಣ. ತಮಿಳುನಾಡಿನಿಂದ ಬಂದು ಇದೇ ತಂಡದ ಕಿರಿಯರ ಬಳಗದಲ್ಲಿ ಆಡಿದ ಶಿವಶಕ್ತಿ ನಾರಾಯಣನ್ 2022-23ರ ಇಂಡಿಯನ್ ಸೂಪರ್ ಲೀಗಿನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಮುಂದಿನ ವರ್ಷ ತಂಡವೇ ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿಯಿತು. ಅವರ ಗೋಲುಗಳೂ ಕಡಿಮೆಯಾದವು. ಹೊಗಳಿದ ಬಾಯಿಗಳೇ, "ಇವನ ಕತೆ ಮುಗಿಯಿತೇ?" ಎಂದು ಕೇಳತೊಡಗಿದವು. ಹುಡುಗ ಅದೇ ಹುಡುಗ, ಕಾಲು ಅದೇ ಕಾಲು. ಬದಲಾದದ್ದು ನೋಡುವವರ ಕಣ್ಣು. ಹೊಸ ಆಟಗಾರ ಎರಡನೆಯ ವರ್ಷದಲ್ಲಿ ತಡವರಿಸುವುದು ಆಟದಲ್ಲಿ ಹೊಸದಲ್ಲ. ಮೊದಲ ವರ್ಷ ಅವನನ್ನು ಯಾರೂ ಬಲ್ಲವರಿಲ್ಲ. ಎರಡನೆಯ ವರ್ಷ ಎದುರಾಳಿಗಳು ಅವನ ನಡೆಯನ್ನು ಓದಿಕೊಂಡೇ ಬಂದಿರುತ್ತಾರೆ. ಅವನು ಹೊಸ ಪಾಠ ಕಲಿಯಬೇಕಾದ ಹೊತ್ತು ಅದು.

ನಮ್ಮ ಧರ್ಮಸಭೆ ಈ ಅಪಾಯವನ್ನು ಗುರುತಿಸಿದೆ. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಕುರಿತು ಒಂದು ದಾಖಲೆಯನ್ನು ಪ್ರಕಟಿಸಿತು. ಕ್ರೀಡೆಯನ್ನು ಕೆಡಿಸುವ ಸವಾಲುಗಳಾಗಿ ಅದು ನಾಲ್ಕನ್ನು ಹೆಸರಿಸುತ್ತದೆ: ದೇಹವನ್ನು ಯಂತ್ರದಂತೆ ದುಡಿಸುವುದು, ಉದ್ದೀಪನ ಮದ್ದು, ಭ್ರಷ್ಟಾಚಾರ, ಮತ್ತು ಪ್ರೇಕ್ಷಕರು. ಹೌದು, ನಾಲ್ಕನೆಯದು ನಾವೇ! ಬದಿಯಲ್ಲಿ ಕುಳಿತವರ ಮಾತಿಗೂ ಒಂದು ಪಾಪಪುಣ್ಯವಿದೆ.

ಬೆತ್ಲೆಹೇಮಿನ ಆಯ್ಕೆ

ಪ್ರವಾದಿ ಸಮುವೇಲ ಜೆಸ್ಸೆಯ ಮನೆಗೆ ಬಂದ ಕತೆ ನಮಗೆಲ್ಲ ತಿಳಿದದ್ದೇ. ಇಸ್ರಯೇಲಿಗೆ ಹೊಸ ಅರಸನನ್ನು ಆರಿಸಬೇಕಾಗಿತ್ತು. ಹಿರಿಯ ಮಗ ಎಲಿಯಾಬ ಎತ್ತರದ ಆಳು. ಅವನನ್ನು ನೋಡಿದೊಡನೆ ಪ್ರವಾದಿಯಂಥ ಪ್ರವಾದಿಯೂ ಇವನೇ ಇರಬೇಕು ಎಂದುಕೊಂಡ. ದೇವರು ಒಪ್ಪಲಿಲ್ಲ. ಏಳು ಮಂದಿ ಹಾದುಹೋದರು. ಎಂಟನೆಯವನು ಕುರಿ ಕಾಯಲು ಹೋಗಿದ್ದ. ಅವನನ್ನು ಕರೆಯಬೇಕೆಂದು ಹೆತ್ತ ತಂದೆಗೇ ತೋಚಿರಲಿಲ್ಲ. ಅವನೇ ದಾವೀದ.

ಇಂದಿನ ಆಟದ ಮೈದಾನದಲ್ಲಿ ನಡೆಯುವುದೂ ಇದೇ. ಹದಿಮೂರು ವರ್ಷದೊಳಗಿನವರ ಆಯ್ಕೆಗೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಡುವೆ ಹನ್ನೊಂದು ತಿಂಗಳ ಅಂತರ. ಆ ಪ್ರಾಯದಲ್ಲಿ ಅದು ಸಣ್ಣ ಅಂತರವಲ್ಲ. ಬೇಗ ಬೆಳೆದು ಮೀಸೆ ಚಿಗುರಿದವನು ಭುಜದಿಂದ ತಳ್ಳಿಯೇ ಚೆಂಡು ಪಡೆಯುತ್ತಾನೆ. ನೋಡುವವರು ಅದನ್ನು ಪ್ರತಿಭೆ ಎಂದುಕೊಳ್ಳುತ್ತಾರೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಇಂಥ ಆಯ್ಕೆಗಳಲ್ಲಿ ಹೆಚ್ಚಾಗಿ ಕಾಣಿಸುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿಕೊಟ್ಟಿವೆ. ಹದಿನೆಂಟಕ್ಕೆ ಎಲ್ಲರ ಮೈಯೂ ತುಂಬಿದಾಗ ಭುಜಬಲದ ಲಾಭ ಕರಗುತ್ತದೆ. ಅಲ್ಲಿಯವರೆಗೆ ಗಿಡ್ಡನಾಗಿದ್ದು ಬುದ್ಧಿಯಿಂದ ಆಡಲು ಕಲಿತವನು ಮುಂದೆ ಬರುತ್ತಾನೆ. ಅರ್ಜೆಂಟೀನಾದ ಲಿಯೊನೆಲ್ ಮೆಸ್ಸಿಗೆ ಬಾಲ್ಯದಲ್ಲಿ ಬೆಳವಣಿಗೆಯ ಹಾರ್ಮೋನಿನ ಕೊರತೆಯಿತ್ತು. ಹದಿಮೂರರ ಆ ಪುಟ್ಟ ಹುಡುಗನನ್ನು 2000ದಲ್ಲಿ ಬಾರ್ಸಿಲೋನಾ ಕರೆಸಿಕೊಂಡು, ಚಿಕಿತ್ಸೆಯ ಹೊಣೆ ಹೊತ್ತಿತು. ನಿಲುವನ್ನಷ್ಟೇ ನೋಡಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ಬೀಜದ ಊರಿನವರಿಗೆ ತಿಳಿಯದ್ದೇನು?

ಪ್ರಿಯರೇ, ಬೇರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದೀತು. ರಾಣೆಬೆನ್ನೂರು ಕಡೆಯ ನಮಗೆ ಬೇಕಾಗಿಲ್ಲ. ನಮ್ಮದು ಬೀಜೋತ್ಪಾದನೆಗೆ ಹೆಸರಾದ ಊರು. ಹತ್ತಿಯ ಹೈಬ್ರಿಡ್ ಬೀಜದ ಹೊಲಗಳಲ್ಲಿ ನಮ್ಮ ತಾಯಂದಿರು, ಅಕ್ಕಂದಿರು ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಕೈ ತಾಕಬೇಕು. ಅಷ್ಟಾದ ಮೇಲೂ ಬೀಜವನ್ನು ಬರೀ ಕಣ್ಣಳತೆಯಲ್ಲಿ ಯಾರೂ ನಂಬುವುದಿಲ್ಲ. ಅದರ ತಳಿಶುದ್ಧಿ ತಿಳಿಯಬೇಕಾದರೆ ಬಿತ್ತಿ, ಬೆಳೆಸಿ, ಗಿಡವನ್ನೇ ನೋಡುತ್ತಾರೆ. ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಮಣ್ಣು ಕೆದಕುವ ರೈತನನ್ನು ನಾವು ಕಂಡಿಲ್ಲ.

ಇನ್ನು ನೆರೆಯ ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ ನೋಡಿ. ಕಡ್ಡಿ ಮೆಣಸಿನಕಾಯಿಯ ಮೈ ಸುಕ್ಕುಗಟ್ಟಿದೆ, ಖಾರವೂ ಕಡಿಮೆ. ತಿಳಿಯದವನು "ಇದೇನು ಕಾಯಿ" ಎಂದು ಮೂಗು ಮುರಿದಾನು. ತಿಳಿದವನು ಅದರ ಬಣ್ಣಕ್ಕಾಗಿ ಹೆಚ್ಚಿನ ಬೆಲೆ ಕೊಡುತ್ತಾನೆ. ಒಂದೊಂದು ತಳಿಗೆ ಒಂದೊಂದು ಗುಣ. ಬಣ್ಣದ ಕಾಯಿಯನ್ನು ಖಾರದಿಂದ ಅಳೆದರೆ ತಪ್ಪು ಕಾಯಿಯದಲ್ಲ. ಹಿಂದೆ ನಿಂತು ಕಾಯುವ ಹುಡುಗನನ್ನು ಗೋಲಿನಿಂದ ಅಳೆದ ನಮ್ಮ ತಪ್ಪೂ ಇದೇ ಜಾತಿಯದು.

ನಜರೇತಿನ ನಾಲ್ಕು ಅಳತೆಗಳು

ಹಾಗಾದರೆ ಅಳೆಯಲೇಬಾರದೇ? ಅಳೆಯಬೇಕು, ಆದರೆ ಸರಿಯಾಗಿ. ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಬಾಲಯೇಸುವಿನ ಬೆಳವಣಿಗೆಯನ್ನು ನಾಲ್ಕು ಬಗೆಯಲ್ಲಿ ಹೇಳುತ್ತಾರೆ: ಜ್ಞಾನದಲ್ಲಿ, ನಿಲುವಿನಲ್ಲಿ, ದೇವರ ಮೆಚ್ಚುಗೆಯಲ್ಲಿ, ಮನುಷ್ಯರ ಮೆಚ್ಚುಗೆಯಲ್ಲಿ. ವಿಶೇಷವೆಂದರೆ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ತರಬೇತುದಾರರಿಗೆ ಕಲಿಸುವ ಕ್ರಮದಲ್ಲೂ ನಾಲ್ಕು ಮೂಲೆಗಳಿವೆ: ಆಟದ ಕೌಶಲ ಮತ್ತು ತಂತ್ರ, ದೇಹ, ಮನಸ್ಸು, ಜನರೊಡನೆ ಬೆರೆಯುವ ಗುಣ. ಇವೆರಡನ್ನೂ ಮುಂದಿಟ್ಟುಕೊಂಡು ನಮ್ಮ ಮನೆಯ ಹುಡುಗನನ್ನು, ಹುಡುಗಿಯನ್ನು ನೋಡೋಣ.

ಮೊದಲನೆಯದು ಜ್ಞಾನ. ಚೆಂಡು ಕಾಲಿಗೆ ಬರುವ ಮೊದಲೇ ಅವನು ಅತ್ತಿತ್ತ ಕಣ್ಣು ಹಾಯಿಸುತ್ತಾನೆಯೇ? ಒತ್ತಡದಲ್ಲೂ ಯಾರಿಗೆ ಕೊಡಬೇಕೆಂದು ತಿಳಿಯುತ್ತಾನೆಯೇ? ಎರಡೂ ಕಾಲು ಬಳಸುತ್ತಾನೆಯೇ? ಹೋದ ವರ್ಷ ಮಾಡಲಾಗದ ಯಾವುದನ್ನು ಈ ವರ್ಷ ಮಾಡುತ್ತಾನೆ? ಶಾಲೆಯ ಪುಸ್ತಕವೂ ಈ ಜ್ಞಾನದಲ್ಲೇ ಸೇರಿದೆ.

ಎರಡನೆಯದು ನಿಲುವು. ಎತ್ತರ ದೇವರು ಕೊಟ್ಟದ್ದು. ನಾವು ನೋಡಬೇಕಾದದ್ದು ಊಟ, ನಿದ್ದೆ, ನೋವು. ಬೆಳೆಯುವ ಪ್ರಾಯದಲ್ಲಿ ಮೊಣಕಾಲು, ಹಿಮ್ಮಡಿ ನೋಯುವುದುಂಟು. "ನೋವು ಅಂದರೆ ತಂಡದಿಂದ ತೆಗೆದಾರು" ಎಂದು ಹೆದರಿ ಮುಚ್ಚಿಡುವ ಮಕ್ಕಳಿದ್ದಾರೆ. ಅದನ್ನು ಹೇಳಿಕೊಳ್ಳುವ ಧೈರ್ಯ ಮನೆಯಲ್ಲಿ ಸಿಗಬೇಕು. ವಯಸ್ಸಿನ ಸುಳ್ಳು ಪ್ರಮಾಣಪತ್ರ ಮಾಡಿಸುವುದಂತೂ ಮಗುವಿಗೆ ನಾವೇ ಕಲಿಸುವ ಮೊದಲ ಮೋಸ.

ಮೂರನೆಯದು ದೇವರ ಮೆಚ್ಚುಗೆ. ರೆಫರಿ ನೋಡದ ತಪ್ಪನ್ನು ಅವನು ಏನು ಮಾಡುತ್ತಾನೆ? ಚೆಂಡು ಕಳೆದುಕೊಂಡ ಮರುಕ್ಷಣ ಕೈ ಚೆಲ್ಲಿ ನಿಲ್ಲುತ್ತಾನೋ, ಹಿಂದಕ್ಕೆ ಓಡುತ್ತಾನೋ? ಬಲಿಪೂಜೆ, ಪ್ರಾರ್ಥನೆಗಳ ನೆನಪು ಅವನಿಗೆ ಗೆಲುವಿನ ದಿನವಷ್ಟೇ ಬರುತ್ತದೆಯೋ?

ನಾಲ್ಕನೆಯದು ಮನುಷ್ಯರ ಮೆಚ್ಚುಗೆ. ಬೆಂಚಿನಲ್ಲಿ ಕುಳಿತ ದಿನ ಗೆಳೆಯನ ಗೋಲಿಗೆ ಅವನು ಚಪ್ಪಾಳೆ ತಟ್ಟುತ್ತಾನೆಯೇ? ತರಬೇತುದಾರರು ತಿದ್ದಿದಾಗ ಕೇಳುತ್ತಾನೆಯೇ? ಮೈದಾನದ ಹುಲ್ಲು ಕತ್ತರಿಸುವವರಿಗೆ, ಅಡುಗೆಯವರಿಗೆ ನಮಸ್ಕಾರ ಹೇಳುತ್ತಾನೆಯೇ?

ಈ ನಾಲ್ಕರಲ್ಲಿ ಗೋಲಿನ ಲೆಕ್ಕ ಎಲ್ಲಿದೆ? ಮೊದಲನೆಯದರ ಒಂದು ಸಣ್ಣ ಮೂಲೆಯಲ್ಲಿದೆ. ಅಷ್ಟೇ.

ಇನ್ನೊಂದು ವರ್ಷ

ಆದರೆ ತಾಳ್ಮೆಯೆಂದರೆ ಕಣ್ಣುಮುಚ್ಚಿ ಕೂರುವುದಲ್ಲ. ಲೂಕರ ಹದಿಮೂರನೆಯ ಅಧ್ಯಾಯದಲ್ಲಿ ಪ್ರಭು ಹೇಳಿದ ಅಂಜೂರದ ಮರದ ಸಾಮತಿಯನ್ನು ನೆನೆಯಿರಿ. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿಯಲು ಒಡೆಯ ಹೇಳಿದಾಗ, ತೋಟಗಾರ ಇನ್ನೊಂದು ವರ್ಷ ಬೇಡಿಕೊಂಡ. ಸುಮ್ಮನೆ ಬೇಡಲಿಲ್ಲ, ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದು ಮಾತು ಕೊಟ್ಟ. ಟೀಕೆ ಮಾಡುವ ನಾವು ಒಡೆಯನ ಕಡೆಯವರೋ, ತೋಟಗಾರನ ಕಡೆಯವರೋ? ಹುಡುಗನ ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಿದ್ದೇವೆಯೋ?

ಸತ್ಯವನ್ನೂ ಹೇಳಲೇಬೇಕು. ಅಕಾಡೆಮಿಗಳಿಗೆ ಸೇರುವ ಮಕ್ಕಳಲ್ಲಿ ಹೆಚ್ಚಿನವರು ವೃತ್ತಿ ಆಟಗಾರರಾಗುವುದಿಲ್ಲ. ಒಂದು ದಿನ ಹಾಸಿಗೆ ಸುತ್ತಿಕೊಂಡು ಊರಿಗೆ ಮರಳುವವರೇ ಬಹಳ. ಆ ದಿನ ಬಸ್ ನಿಲ್ದಾಣದಲ್ಲಿ ನಾವು ಹೇಗೆ ಎದುರುಗೊಳ್ಳುತ್ತೇವೆ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ಸಂತ ಜಾನ್ ಬೋಸ್ಕೊರವರು ತೂರಿನ್ ನಗರದಲ್ಲಿ ಬೀದಿಯ ಹುಡುಗರಿಗೆ ಆಟದ ಅಂಗಳ ಕೊಟ್ಟರು. ತಾವೂ ಅವರೊಡನೆ ಆಡಿದರು. ಆದರೆ ಆಟಕ್ಕೇ ನಿಲ್ಲಿಸಲಿಲ್ಲ. 1853ರಲ್ಲಿ ಅದೇ ಆವರಣದಲ್ಲಿ ಪಾದರಕ್ಷೆ ಮತ್ತು ಬಟ್ಟೆ ಹೊಲಿಯುವ ಕಾರ್ಯಾಗಾರಗಳನ್ನು ತೆರೆದರು. ಆಟ, ಓದು, ಕಸುಬು, ಪ್ರಾರ್ಥನೆ ಎಲ್ಲವೂ ಒಂದೇ ಸೂರಿನಡಿ. ಮಗುವಿಗೆ ತನ್ನನ್ನು ಪ್ರೀತಿಸುತ್ತಾರೆ ಎಂಬುದು ಗೊತ್ತಾಗಬೇಕು ಎಂಬುದೇ ಅವರ ಶಿಕ್ಷಣದ ತಿರುಳಾಗಿತ್ತು.

ಮನೆಯಲ್ಲಿ ಮಾಡಬಹುದಾದದ್ದು

ಅಕಾಡೆಮಿಯಲ್ಲಿ, ಕ್ರೀಡಾ ವಸತಿ ನಿಲಯದಲ್ಲಿ ಅಥವಾ ಊರ ಶಾಲೆಯ ತಂಡದಲ್ಲಿ ಆಡುವ ಮಗು ನಿಮ್ಮ ಮನೆಯಲ್ಲಿದ್ದರೆ, ಮೊದಲ ಪ್ರಶ್ನೆಯನ್ನು ಬದಲಿಸಿ. "ಗೆದ್ದಿರಾ?" ಎನ್ನುವ ಬದಲು "ಏನು ಕಲಿತೆ?" ಎನ್ನಿ. ಬೇರೆ ಮಗುವಿನ ಹೆಸರನ್ನು ಹೋಲಿಕೆಗೆ ತರಬೇಡಿ. ಆಟ ಬಿಟ್ಟು ಬೇರೆ ಮಾತಿಗೂ ಹೊತ್ತು ಕೊಡಿ. ಹರಿಹರದ ಆರೋಗ್ಯ ಮಾತೆಯ ಸನ್ನಿಧಿಯಲ್ಲಿ ಮೇಣದಬತ್ತಿ ಹಚ್ಚುವಾಗ "ಆಯ್ಕೆಯಾಗಲಿ" ಎಂದಷ್ಟೇ ಬೇಡದೆ, "ಆಯ್ಕೆಯಾಗದಿದ್ದರೂ ಕುಗ್ಗದಿರಲಿ" ಎಂದೂ ಬೇಡಿ.

ನಾನು ಕಲಿತದ್ದನ್ನು ಹೇಳಿ ಮುಗಿಸುತ್ತೇನೆ. ಹುಡುಗ ಮರಳಿ ಹೊರಟ ದಿನ ಬಸ್ಸಿನ ಕಿಟಕಿಯ ಬಳಿ ನಿಂತು ಅವನ ಕ್ಷಮೆ ಕೇಳಿದೆ. ಅವನು ನಕ್ಕುಬಿಟ್ಟ. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತೇನೆ: "ಈ ವಾರ ಎಷ್ಟ್ ತಡದೆಪಾ?" ಅವನು ಅರ್ಧ ಗಂಟೆ ಮಾತಾಡುತ್ತಾನೆ. ಮೊದಲು ಎರಡು ನಿಮಿಷಕ್ಕೆ ಫೋನ್ ಇಡುತ್ತಿದ್ದ.

ಕುಟುಂಬದ ಚಿಂತನೆಗೆ

1. ನಮ್ಮ ಮಕ್ಕಳನ್ನು ನಾವು ಯಾವ ಒಂದು ಅಂಕಿಯಿಂದ ಅಳೆಯುತ್ತಿದ್ದೇವೆ?
2. ಜೆಸ್ಸೆಯಂತೆ ನಾವು ಕರೆಯಲು ಮರೆತ ಮಗು ನಮ್ಮ ಮನೆಯಲ್ಲಿ, ಧರ್ಮಕೇಂದ್ರದಲ್ಲಿ ಇದೆಯೇ?
3. ಸೋತು ಮರಳಿದ ಯುವಕನಿಗೆ ನಮ್ಮ ಧರ್ಮಕೇಂದ್ರ ಏನು ಮಾಡಬಲ್ಲದು?

ಪ್ರಾರ್ಥನೆ: ಪ್ರಭುವೇ, ನಜರೇತಿನಲ್ಲಿ ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಬೆಳೆದವರು ನೀವು. ನಮ್ಮ ಮಕ್ಕಳು ತಮ್ಮ ಕಾಲಕ್ಕೆ ತಕ್ಕಂತೆ ಬೆಳೆಯಲಿ. ಅವರನ್ನು ಕಾಯುವ ತಾಳ್ಮೆಯನ್ನು, ನಿಮ್ಮ ಕಣ್ಣಿನಿಂದ ನೋಡುವ ಕೃಪೆಯನ್ನು ನಮಗೆ ದಯಪಾಲಿಸಿ. ಆಮೆನ್.