ಮೊದಲ ಬೇಸ್ ಗಿಟಾರ್: ಅಂಗಡಿಯಿಂದ ಸ್ಟೇಜಿನವರೆಗೆ, ಹಂತ ಹಂತವಾಗಿ

ಕಾಲೇಜಿನಲ್ಲಿ ಬ್ಯಾಂಡ್ ಕಟ್ಟುವಾಗ ಗಿಟಾರ್ ಹಿಡಿಯಲು ಮೂರು ಜನ ಇರುತ್ತಾರೆ, ಹಾಡಲು ಇಬ್ಬರು, ಡ್ರಮ್ಸಿಗೂ ಒಬ್ಬ ಸಿಗುತ್ತಾನೆ. "ಬೇಸ್ ಯಾರಪ್ಪಾ?" ಅಂದ ಕೂಡಲೇ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಗಿಟಾರಿಸ್ಟುಗಳಲ್ಲೇ ಸ್ವಲ್ಪ ಮೆದು ಸ್ವಭಾವದವನ ತಲೆಗೆ ಅದು ಬರುತ್ತದೆ. ನೀವು ಹಾಗೆ ಬಂದವರಾಗಿರಬಹುದು, ಅಥವಾ ಬೇಸ್ ಸದ್ದಿಗೆ ಮನಸೋತೇ ಬಂದಿರಬಹುದು. ಎರಡೂ ಸರಿ. ಭಯಪಡಬೇಡಿ. ಇದುವರೆಗೆ ಯಾವ ವಾದ್ಯವನ್ನೂ ಮುಟ್ಟಿಲ್ಲ ಅಂದರೂ ಚಿಂತೆಯಿಲ್ಲ. ಒಂದೊಂದೇ ಹಂತ ದಾಟೋಣ.

1. ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳಿ.
ಫೋನಿನ ಸ್ಪೀಕರ್ ಸಾಲದು. ಬೇಸಿನ ಅತಿ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಅಷ್ಟು ತಗ್ಗಿನ ಸದ್ದನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಇಳಯರಾಜ ಸಂಗೀತದ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಹಾಡುಗಳನ್ನು ಹಾಕಿ. ಗಾಯಕರನ್ನು ಮರೆತು ಕೆಳಗೆ ಓಡಾಡುವ ಸದ್ದನ್ನು ಮಾತ್ರ ಹಿಂಬಾಲಿಸಿ. ಮೊದಲ ಸಲ ಕಿವಿಗೆ ಸಿಗುವುದಿಲ್ಲ. ಅದೇ ಹಾಡನ್ನು ಮತ್ತೆ ಮತ್ತೆ ಕೇಳಿ. ಒಮ್ಮೆ ಸಿಕ್ಕಿತೆಂದರೆ ಆಮೇಲೆ ಯಾವ ಹಾಡಿನಲ್ಲೂ ಅದನ್ನು ಕೇಳದೆ ಇರಲು ಆಗುವುದಿಲ್ಲ.

2. ನಾಲ್ಕು ತಂತಿಯದ್ದನ್ನೇ ಆರಿಸಿ.
ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಸಾಮಾನ್ಯ ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳ ಸ್ವರಗಳೇ, ಒಂದು ಸ್ಥಾಯಿ ಕೆಳಗೆ. ಐದು ತಂತಿಯದ್ದು ನೋಡಲು ಗತ್ತಾಗಿರುತ್ತದೆ, ಆದರೆ ಬೇಡದ ತಂತಿ ಗುಂಯ್‌ಗುಡದಂತೆ ತಡೆಯುವುದೇ ಕಲಿಯುವವರಿಗೆ ಪೂರ್ತಿ ಕೆಲಸವಾಗುತ್ತದೆ. ಸದ್ಯ ಬಿಡಿ.

ಅಂಗಡಿಯಲ್ಲಿ ಎರಡು ಹೆಸರು ಕಿವಿಗೆ ಬೀಳುತ್ತವೆ, 'ಪಿ ಬೇಸ್' ಮತ್ತು 'ಜೆ ಬೇಸ್'. ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಮೊದಲನೆಯದು, 1960ರಲ್ಲಿ ತಂದ ಜಾಝ್ ಬೇಸ್ ಎರಡನೆಯದು. ಇವತ್ತು ಬೇರೆ ಕಂಪನಿಗಳು ಮಾಡುವ ಅಗ್ಗದ ಬೇಸುಗಳಲ್ಲೂ ಬಹುಪಾಲು ಇವೆರಡರ ಮಕ್ಕಳು ಮೊಮ್ಮಕ್ಕಳೇ. ಪಿ ಸದ್ದು ದಪ್ಪ, ಹೆಚ್ಚು ಗುಂಡಿಗಳ ಗೋಜಿಲ್ಲ. ಜೆ ಬೇಸಿಗೆ ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು, ಎಡಗೈ ಹಿಡಿಯುವ ಉದ್ದ ಭಾಗವಾದ ನೆಕ್ಕಿನ ತುದಿ ಕಿರಿದು, ಸುಮಾರು 38 ಮಿಲಿಮೀಟರ್. ಕೈ ಚಿಕ್ಕದಿದ್ದರೆ ಜೆ ಹಿತ. ಎರಡೂ ಬಗೆಯ ಪಿಕಪ್ ಇರುವ 'ಪಿಜೆ' ಸಿಕ್ಕರೆ ಇನ್ನೂ ಒಳ್ಳೆಯದು. ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು ಇರುತ್ತದೆ. ಅದು ತೀರಾ ಉದ್ದ ಅನ್ನಿಸಿದರೆ 30 ಇಂಚಿನ 'ಶಾರ್ಟ್ ಸ್ಕೇಲ್' ಕೇಳಿ. ಅದು ಮಕ್ಕಳ ಆಟಿಕೆಯಲ್ಲ, ದೊಡ್ಡ ದೊಡ್ಡವರು ನುಡಿಸಿದ್ದಾರೆ.

3. ಇರುವ ದುಡ್ಡನ್ನು ಮನೆಯಲ್ಲೇ ಪಾಲು ಮಾಡಿ.
ಎಲ್ಲವನ್ನೂ ಬೇಸಿಗೇ ಸುರಿಯಬೇಡಿ. ಸ್ಟ್ರ್ಯಾಪ್, ಕೇಬಲ್, ಕ್ಲಿಪ್ ಟ್ಯೂನರ್, ಬ್ಯಾಗ್, ಚಿಕ್ಕ ಆಂಪ್ ಎಲ್ಲವೂ ಬೇಕು. ಆಂಪಿಗೆ ಈಗ ದುಡ್ಡಿಲ್ಲವೇ? ಬೇಸಿಗೇ ಸಿಕ್ಕಿಸುವ ಹೆಡ್‌ಫೋನ್ ಆಂಪ್ ಸಾಕು, ಮನೆಯವರ ನಿದ್ದೆಯೂ ಉಳಿಯುತ್ತದೆ. ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸ್ಟೇಜಿನಲ್ಲಿ ಮೊದಲು ಕೈಕೊಡುವುದೇ ಅದು.

4. ವಾರದ ನಡುವೆ ಬೆಳಿಗ್ಗೆ ಅಂಗಡಿಗೆ ಹೋಗಿ.
ಶನಿವಾರ ಸಂಜೆ ಬೆಂಗಳೂರಿನ ಯಾವ ಮ್ಯೂಸಿಕ್ ಶಾಪಿಗೆ ಹೋದರೂ ಒಂದು ಮೂಲೆಯಲ್ಲಿ ಕೀಬೋರ್ಡ್ ಡೆಮೊ, ಇನ್ನೊಂದು ಮೂಲೆಯಲ್ಲಿ ಡ್ರಮ್ಸ್. ಆ ಗದ್ದಲದಲ್ಲಿ ಬೇಸಿನ ಹುಳುಕು ಕೇಳಿಸುವುದೇ ಇಲ್ಲ. ಹೋದ ತಕ್ಷಣ ಎರಡು ವಿಷಯ ಕೇಳಿ: "ಇದನ್ನು ಟ್ಯೂನ್ ಮಾಡಿ ಕೊಡ್ತೀರಾ?", "ಬೇಸ್ ಆಂಪಿಗೇ ಹಾಕಿ." ಹತ್ತಿರವಿದೆ ಅಂತ ಎಷ್ಟೋ ಸಲ ಗಿಟಾರ್ ಆಂಪಿಗೆ ಸಿಕ್ಕಿಸಿಬಿಡುತ್ತಾರೆ. ಅದರಲ್ಲಿ ಒಳ್ಳೆಯ ಬೇಸೂ ಡಬ್ಬದ ಹಾಗೆ ಕೇಳುತ್ತದೆ.

"ನನಗೆ ನುಡಿಸೋಕೇ ಬರಲ್ಲ, ಏನು ಟೆಸ್ಟ್ ಮಾಡಲಿ?" ಎಂಬ ಸಂಕೋಚ ಎಲ್ಲರಿಗೂ ಇರುತ್ತದೆ. ಅಷ್ಟರಲ್ಲಿ ಪಕ್ಕದಲ್ಲೊಬ್ಬ ಗೋಡೆಯಿಂದ ಬೇಸ್ ಇಳಿಸಿಕೊಂಡು ಹೆಬ್ಬೆರಳಿನಿಂದ ತಂತಿಗೆ ಹೊಡೆದು ಚಟಪಟ ಸದ್ದು ಮಾಡುತ್ತಾನೆ. ಇಂಥವರು ಪ್ರತಿ ಅಂಗಡಿಯಲ್ಲೂ ಇದ್ದೇ ಇರುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ಪರೀಕ್ಷೆಗಳಿಗೆ ನುಡಿಸಲು ಬರಬೇಕಿಲ್ಲ.

5. ಬ್ರ್ಯಾಂಡ್ ಬಿಟ್ಟು ನೆಕ್ ನೋಡಿ.
ಇಡೀ ಖರೀದಿಯಲ್ಲಿ ಮುಖ್ಯವಾದ ಹಂತ ಇದೇ. ಅವಸರ ಬೇಡ. ಒಂದೇ ಕಂಪನಿಯ, ಒಂದೇ ಮಾಡೆಲಿನ ಎರಡು ಬೇಸುಗಳಲ್ಲಿ ಒಂದರ ನೆಕ್ ನೇರವಾಗಿದ್ದು ಇನ್ನೊಂದು ತಿರುಚಿಕೊಂಡಿರಬಹುದು.

ಮೊದಲು ಬೇಸಿನ ಬುಡವನ್ನು ಕಣ್ಣಿನ ಹತ್ತಿರ ಹಿಡಿದು ನೆಕ್ಕಿನ ಉದ್ದಕ್ಕೂ ದೃಷ್ಟಿ ಹಾಯಿಸಿ. ಬಡಗಿ ಪಟ್ಟಿ ನೇರವಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ. ಮುಂದಕ್ಕೆ ಸ್ವಲ್ಪವೇ ಬಾಗಿದ್ದರೆ ಪರವಾಗಿಲ್ಲ, ಅದನ್ನು ಸರಿಮಾಡಬಹುದು. ಹಗ್ಗ ಹೊಸೆದಂತೆ ತಿರುಚಿದ್ದರೆ ವಾಪಸ್ ಇಟ್ಟುಬಿಡಿ, ಎಷ್ಟೇ ರಿಯಾಯಿತಿ ಕೊಟ್ಟರೂ.

ಆಮೇಲೆ ಒಂದೊಂದು ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ, ಅಂದರೆ ನೆಕ್ಕಿನ ಮೇಲಿನ ಪ್ರತಿ ಲೋಹದ ಅಡ್ಡಪಟ್ಟಿಯ ಹಿಂದೆ, ಒತ್ತಿ, ಒಮ್ಮೊಮ್ಮೆ ಮೀಟಿ. ಮೊದಲ ಫ್ರೆಟ್ಟಿನಿಂದ ಕೊನೆಯವರೆಗೆ, ನಾಲ್ಕೂ ತಂತಿ. ಅಂಗಡಿಯ ಹುಡುಗ ಆಕಳಿಸಿದರೂ ನಿಲ್ಲಿಸಬೇಡಿ. ಎಲ್ಲ ಕಡೆ ಒಂದೇ ರೀತಿ ಸಣ್ಣಗೆ 'ಝರ್' ಅಂದರೆ ಅದು ಬರೀ ಸೆಟಪ್, ಅಂದರೆ ನೆಕ್ಕಿನ ಬಾಗು ಮತ್ತು ತಂತಿಯ ಎತ್ತರ ಹೊಂದಿಸುವ, ವಿಷಯ. ಒಂದೇ ಜಾಗದಲ್ಲಿ ಸದ್ದು ಸತ್ತುಹೋದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಎಂದು ಅನುಮಾನಿಸಿ, ಬೇರೆ ಪೀಸ್ ಕೇಳಿ. ಕೊನೆಗೆ ಅಂಗೈಯನ್ನು ನೆಕ್ಕಿನ ಅಂಚಿನ ಮೇಲೆ ನಿಧಾನವಾಗಿ ಸವರಿ. ಫ್ರೆಟ್ ತುದಿಗಳು ಗೀರಿದರೆ ದಿನಾ ಗೀರುತ್ತವೆ.

6. ಗುಂಡಿಗಳನ್ನೆಲ್ಲ ತಿರುಗಿಸಿ, ಕೇಬಲ್ ಅಲ್ಲಾಡಿಸಿ.
ಕರಕರ ಸದ್ದು ಬರಬಾರದು. ತಂತಿ ಮುಟ್ಟಿದಾಗ ಹಿನ್ನೆಲೆಯ ಗುಂಯ್ ಕಡಿಮೆಯಾದರೆ ಹೆದರಬೇಡಿ, ತಂತಿಗಳಿಗೆ ಗ್ರೌಂಡ್ ವೈರ್ ಸರಿಯಾಗಿ ಸೇರಿದೆ ಎಂದರ್ಥ.

7. ಸ್ಟ್ರ್ಯಾಪ್ ಹಾಕಿಕೊಂಡು ಎದ್ದು ನಿಂತು, ಎರಡೂ ಕೈ ಬಿಡಿ.
ಕೂತಾಗ ಎಲ್ಲ ಬೇಸೂ ಹಗುರವೇ. ನಿಂತಾಗ ತಲೆಯ ಕಡೆ ನೆಲಕ್ಕೆ ವಾಲುತ್ತಿದ್ದರೆ ನಿಮ್ಮ ಎಡಗೈ ಜೀವನಪೂರ್ತಿ ಅದನ್ನು ಹೊರಬೇಕಾಗುತ್ತದೆ. ಸ್ವಲ್ಪ ಹೊತ್ತು ಹಾಗೇ ನಿಂತಿರಿ. ಭುಜ ಏನು ಹೇಳುತ್ತದೋ ಅದೇ ಸರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಿದ್ದರೂ ಇದೇ ಪರೀಕ್ಷೆ. ಜೊತೆಗೆ ಸ್ಕ್ರೂಗಳ ತುಕ್ಕು ನೋಡಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿದ್ದ ವಾದ್ಯದಲ್ಲಿ ತಂತಿಗಳ ಬುಡ ಹಿಡಿದಿರುವ ಬ್ರಿಡ್ಜ್ ಬೇಗ ತುಕ್ಕು ಹಿಡಿಯುತ್ತದೆ, ಅದರ ಸ್ಕ್ರೂ ತಿರುಗದಿದ್ದರೆ ಸೆಟಪ್ ಮಾಡಲಾಗುವುದಿಲ್ಲ. ನನ್ನನ್ನು ಕೇಳಿದರೆ, ಹೊಸ ಕಳಪೆ ಬೇಸಿಗಿಂತ ಹಳೆಯ ಗಟ್ಟಿ ಬೇಸ್ ಎಷ್ಟೋ ಮೇಲು.

8. ಮನೆಗೆ ತಂದು ಶ್ರುತಿ ಮಾಡಿ.
ಕ್ಲಿಪ್ ಟ್ಯೂನರನ್ನು ಬೇಸಿನ ತಲೆಗೆ ಸಿಕ್ಕಿಸಿ, ದಪ್ಪ ತಂತಿ ಮೀಟಿ. 'ಇ' ಬರಬೇಕು. ಸ್ವರ ಮೇಲೆ ಹೋಗಿದ್ದರೆ ಕೆಳಗೆ ಇಳಿಸಿ, ಮತ್ತೆ ನಿಧಾನವಾಗಿ ಏರಿಸುತ್ತಾ ಬನ್ನಿ. ಇಳಿಸುತ್ತಾ ನಿಲ್ಲಿಸಿದ ತಂತಿ ಸ್ವಲ್ಪ ಹೊತ್ತಿನಲ್ಲೇ ಸಡಿಲವಾಗುತ್ತದೆ. ಹೊಸಬರು ಜಾರುವುದು ಇಲ್ಲೇ.

9. ಸೆಟಪ್ ಮಾಡಿಸಿ, ಅಥವಾ ಎಚ್ಚರಿಕೆಯಿಂದ ಮಾಡಿ.
ಬೇಸ್ ಬಲ್ಲ ರಿಪೇರಿಯವರು ಊರಿನಲ್ಲಿದ್ದರೆ ಮೊದಲ ಸಲ ಅವರಿಗೇ ಕೊಡಿ, ಪಕ್ಕದಲ್ಲಿ ನಿಂತು ನೋಡಿ. ನೀವೇ ಮಾಡುವುದಾದರೆ ಕ್ರಮ ಹೀಗಿದೆ.

ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು, ಎಂಟನೆಯ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದು ಇರಬೇಕು. ಸಂದು ಹೆಚ್ಚಿದ್ದರೆ ನೆಕ್ಕಿನೊಳಗಿನ ಟ್ರಸ್ ರಾಡನ್ನು ಅಲನ್ ಕೀಯಿಂದ ಬಿಗಿಮಾಡಿ, ಸಂದೇ ಇಲ್ಲದಿದ್ದರೆ ಸಡಿಲಿಸಿ. ಎಚ್ಚರ! ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ತಿರುಗದೆ ಬಿಗಿಯಾಗಿ ಕೂತಿದ್ದರೆ ಬಲ ಹಾಕಬೇಡಿ. ರಾಡ್ ಮುರಿದರೆ ಆ ರಿಪೇರಿಯ ಖರ್ಚು ಬೇಸಿನ ಬೆಲೆಯನ್ನೇ ಮುಟ್ಟಬಹುದು.

ನಂತರ ತಂತಿಯ ಎತ್ತರ. 12ನೆಯ ಫ್ರೆಟ್ಟಿನಲ್ಲಿ ಇ ತಂತಿ ಎರಡರಿಂದ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಕೈಗೆ ಸುಖ. ಕೊನೆಗೆ 12ನೆಯ ಫ್ರೆಟ್ಟಿನ ಸರಿಯಾಗಿ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಟ್ಯೂನರ್ ಎರಡಕ್ಕೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ಬ್ರಿಡ್ಜಿನ ಸ್ಯಾಡಲನ್ನು (ತಂತಿ ಕೂರುವ ಚಿಕ್ಕ ತುಂಡು) ಹಿಂದಕ್ಕೆ ಸರಿಸಿ, ಕೆಳಗಿದ್ದರೆ ಮುಂದಕ್ಕೆ.

10. ಎರಡು ಬೆರಳಿನಲ್ಲಿ ಮೀಟಲು ಕಲಿಯಿರಿ.
ಬಲಗೈ ಹೆಬ್ಬೆರಳನ್ನು ಪಿಕಪ್ಪಿನ ಮೇಲೆ ಊರಿ. ತೋರುಬೆರಳು, ನಡುಬೆರಳು, ತೋರುಬೆರಳು, ನಡುಬೆರಳು. ಎಡಗೈ ಹೆಬ್ಬೆರಳು ನೆಕ್ಕಿನ ಹಿಂದೆ, ಬೆರಳು ಫ್ರೆಟ್ಟಿನ ಪಟ್ಟಿಯ ಹಿಂದೆಯೇ. ಬೆರಳ ತುದಿ ಉರಿಯುತ್ತದೆ, ಗುಳ್ಳೆಯೂ ಏಳಬಹುದು. ಆ ದಿನ ಬಿಟ್ಟು ಮರುದಿನ ಹಿಡಿಯಿರಿ. ಮಣಿಕಟ್ಟು ನೋಯುತ್ತಿದ್ದರೆ ಮಾತ್ರ ಹಟ ಮಾಡಬೇಡಿ, ಸ್ಟ್ರ್ಯಾಪ್ ಮೇಲಕ್ಕೆತ್ತಿ. ಮೊಣಕಾಲಿನ ಮಟ್ಟದಲ್ಲಿ ಬೇಸ್ ತೂಗುಹಾಕಿಕೊಳ್ಳುವುದು ಫೋಟೋಗೆ ಚಂದ, ಮಣಿಕಟ್ಟಿಗಲ್ಲ.

ಅಂದಹಾಗೆ, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ಬೇಸಿಗೆ ಹೆಸರಾದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ತಂತಿ ಕಡಿಯದ ಹೊರತು ಬದಲಿಸುತ್ತಲೂ ಇರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಹೊಸ ತಂತಿ ಹಾಕಲೇಬೇಕು ಎನ್ನುವವರ ಮಾತಿಗೆ ಗಾಬರಿಯಾಗಬೇಡಿ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬಹಳ ದಿನ ಬಾಳುತ್ತವೆ.

11. ಮೆಟ್ರೋನೋಮ್ ಹಾಕಿಕೊಳ್ಳಿ.
ನಿಮಿಷಕ್ಕೆ 60 ಬಡಿತ, ಒಂದೇ ಸ್ವರ. ಬೇಸರ ಬರುತ್ತದೆ, ಬರಲಿ. ಅಪಸ್ವರ ಒಂದು ಬಂದರೆ ಹಾಡು ಸಾಗುತ್ತದೆ, ಬೇಸ್ ತಾಳ ತಪ್ಪಿದರೆ ಇಡೀ ತಂಡ ಎಡವುತ್ತದೆ. ಡ್ರಮ್ಮರ್ ಜೊತೆ ಕೂತಾಗ ಅವರ ಬಲಗಾಲನ್ನೇ ನೋಡಿ. ಕಿಕ್ ಡ್ರಮ್ ಬಿದ್ದಲ್ಲಿ ನಿಮ್ಮ ಸ್ವರ ಬೀಳಲಿ. ಇಷ್ಟು ಬಂದರೆ ನಿಮ್ಮನ್ನು ಕರೆಯುವವರು ಇದ್ದೇ ಇರುತ್ತಾರೆ.

12. ಪ್ರೋಗ್ರಾಮಿನ ಹಿಂದಿನ ರಾತ್ರಿ ಬ್ಯಾಗ್ ತುಂಬಿ.
ಎರಡು ಕೇಬಲ್, ಟ್ಯೂನರ್, ಒಂದು ಜೊತೆ ತಂತಿ, ಅಲನ್ ಕೀ, ಬಟ್ಟೆ, ಕಪ್ಪು ಟೇಪ್. ಬೇಸ್ 'ಆಕ್ಟಿವ್' ಆಗಿದ್ದರೆ, ಅಂದರೆ ಒಳಗೆ ಬ್ಯಾಟರಿ ಇದ್ದರೆ, ಹೊಸ 9 ವೋಲ್ಟ್ ಬ್ಯಾಟರಿ. ಈ ಬಗೆಯ ಬೇಸಿನಲ್ಲಿ ಕೇಬಲ್ ಸಿಕ್ಕಿಸಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನುಡಿಸದಿದ್ದರೂ. ಮನೆಯಲ್ಲಿ ಕೇಬಲ್ ಕೀಳುವ ಅಭ್ಯಾಸ ಮಾಡಿಕೊಳ್ಳಿ.

13. ಸ್ಟೇಜ್ ಹತ್ತಿದ ಕೂಡಲೇ ಅರ್ಥಿಂಗ್ ಬಗ್ಗೆ ಕೇಳಿ.
ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಇರಲಿ, ರಾಜ್ಯೋತ್ಸವದ ಬಯಲು ಸ್ಟೇಜ್ ಇರಲಿ, ಜನರೇಟರ್, ಮಳೆ, ನೆಲದ ಮೇಲೆ ಹಾಸಿದ ವೈರುಗಳು ಎಲ್ಲವೂ ಒಂದೇ ಕಡೆ ಇರುತ್ತವೆ. ಬೇಸ್ ಕೈಯಲ್ಲಿದ್ದು ಮೈಕ್ ತುಟಿಗೆ ತಗುಲಿದಾಗ ಜುಂ ಅಂದರೆ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಬೇಸ್ ಕೆಳಗಿಡಿ, ಸೌಂಡಿನವರನ್ನು ಕರೆಯಿರಿ, ಸರಿಹೋಗುವವರೆಗೂ ಶುರು ಮಾಡಬೇಡಿ. ಆಯೋಜಕರು ಅವಸರ ಮಾಡಿದರೂ ಸರಿ.

14. ಡಿಐ ಬಾಕ್ಸಿಗೆ ಸಿಕ್ಕಿಸಿ.
ಬೇಸ್ ಆಂಪ್ ಇಲ್ಲದ ಸ್ಟೇಜುಗಳೇ ಹೆಚ್ಚು. ಗಾಬರಿ ಬೇಡ. ಡಿಐ ಅಂದರೆ ನಿಮ್ಮ ಬೇಸಿನ ಸಿಗ್ನಲನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಚಿಕ್ಕ ಡಬ್ಬಿ. ನಿಮ್ಮ ಕೇಬಲ್ ಅದಕ್ಕೆ, ಅಲ್ಲಿಂದ ಎಕ್ಸ್‌ಎಲ್‌ಆರ್ ಕೇಬಲ್ ಮಿಕ್ಸರಿಗೆ. ಕೀಳುವ ಮುನ್ನ "ಅಣ್ಣಾ, ಮ್ಯೂಟ್ ಮಾಡಿ" ಅನ್ನಿ. ಹೇಳದೆ ಕಿತ್ತರೆ 'ಢಮ್' ಅನ್ನುವ ಸದ್ದು ಇಡೀ ಬೀದಿಗೆ ಕೇಳುತ್ತದೆ, ಸ್ಪೀಕರಿಗೂ ಪೆಟ್ಟು.

ಆಂಪ್ ಇದ್ದರೆ ಟೋನ್ ಗುಂಡಿಗಳನ್ನೆಲ್ಲ ನಡುವಿಗೆ ತನ್ನಿ, ಗೇನ್ ನಿಧಾನವಾಗಿ ಏರಿಸಿ, ಕೆಂಪು ದೀಪ ಮಿನುಗಿದರೆ ಸ್ವಲ್ಪ ಇಳಿಸಿ. ಮನೆಯಲ್ಲಿ ಚಂದ ಕೇಳಿಸಿದ ಗುಡುಗುಡು ಬೇಸ್ ಸ್ಟೇಜಿನಲ್ಲಿ ಕಲಸಿಹೋಗುತ್ತದೆ. ಅಲ್ಲಿ 'ಬೇಸ್' ಗುಂಡಿ ತಗ್ಗಿಸಿ, 'ಮಿಡ್' ಸ್ವಲ್ಪ ಏರಿಸಿ, ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವರಿಗೆ ಎಡಗೈಯಲ್ಲಿ ತಾವೇ ಬೇಸ್ ನುಡಿಸುವ ರೂಢಿ ಇರುತ್ತದೆ. "ಇವತ್ತು ಬೇಸ್ ನಾನು ನೋಡ್ಕೋತೀನಿ ಸಾರ್" ಅಂತ ಮೊದಲೇ ಹೇಳಿ. ಇಬ್ಬರೂ ಒಂದೇ ಜಾಗದಲ್ಲಿ ನುಡಿಸಿದರೆ ಹಾಡು ಕೆಸರಾಗುತ್ತದೆ.

15. ತಪ್ಪಿದರೆ ನಿಲ್ಲಿಸಬೇಡಿ.
ಮುಂದಿನ ತಾಳದ ಮೊದಲ ಏಟಿಗೆ ಮೂಲ ಸ್ವರ ಹಿಡಿದು ಸೇರಿಕೊಳ್ಳಿ. ತಪ್ಪು ಗೊತ್ತಾಗುವುದು ಡ್ರಮ್ಮರಿಗೆ ಮಾತ್ರ, ಅವರೂ ಒಮ್ಮೆ ನಕ್ಕು ಮರೆಯುತ್ತಾರೆ.

ಮೊದಲ ಪ್ರೋಗ್ರಾಂ ಮುಗಿದ ವಾರವೇ ದುಬಾರಿ ಬೇಸ್ ಕೊಳ್ಳುವ ಆಸೆ ಬರುತ್ತದೆ, ಬೇಸ್ ಹಿಡಿದವರ ಪೈಕಿ ಇದು ತಪ್ಪಿದವರನ್ನು ನಾನು ಕಂಡಿಲ್ಲ. ಒಂದು ವರ್ಷ ತಡೆಯಿರಿ. ಅಷ್ಟರಲ್ಲಿ ದುಡ್ಡು ಕೂಡಿದರೆ ಹೊಸ ಬೇಸ್ ಬೇಡ, ಡ್ರಮ್ಸಿನ ಎದುರು ನಿಲ್ಲಬಲ್ಲ 200 ವಾಟ್ ಮೇಲ್ಪಟ್ಟ ಒಂದು ಆಂಪ್ ಕೊಳ್ಳಿ.